ಬೀಗದ ಕೈ ಕೈಕೊಟ್ಟಾಗ

ಆರತಕ್ಷತೆ ಮುಗಿಸಿ, ಊಟ ಮಾಡಿ, ತಾಂಬೂಲದ ಚೀಲ ಹಿಡಿದು ಛತ್ರದಿಂದ ಹೊರಬರುವ ಹೊತ್ತಿಗೆ ರಾತ್ರಿ ಹತ್ತೂವರೆ. ಮಗು ಹೆಗಲ ಮೇಲೆ ನಿದ್ದೆ ಹೋಗಿದೆ. ಮಳೆ ಹನಿಯತೊಡಗಿದೆ. ಯಜಮಾನರು ಕಾರಿನತ್ತ ಕೈ ಚಾಚಿ ಕೀಲಿಯ ಗುಂಡಿ ಒತ್ತುತ್ತಾರೆ. ಎಂದಿನ ಸದ್ದಿಲ್ಲ, ದೀಪ ಮಿನುಗುವುದಿಲ್ಲ. ಇನ್ನೊಮ್ಮೆ ಒತ್ತುತ್ತಾರೆ. ಹೆಬ್ಬೆರಳಿನ ಉಗುರು ಬೆಳ್ಳಗಾಗುವಷ್ಟು ಅದುಮುತ್ತಾರೆ. ಕೊನೆಗೆ, ಹಿಂದೆ ರೇಡಿಯೋಗೆ ಎರಡು ತಟ್ಟಿ ಹಾಡಿಸುತ್ತಿದ್ದ ಅಭ್ಯಾಸಬಲದಿಂದ ಕೀಲಿಯನ್ನು ಅಂಗೈಗೆ ಕುಟ್ಟುತ್ತಾರೆ. ಕಾರು ಮಾತ್ರ ಗುರುತೇ ಇಲ್ಲದವರಂತೆ ಸುಮ್ಮನೆ ನಿಂತಿರುತ್ತದೆ.

ಮರುದಿನ ಅಂಗಡಿಗೆ ಹೋದರೆ ‘ರಿಮೋಟ್ ಹೋಗಿದೆ ಸಾರ್, ಪೂರ್ತಿ ಕೀಲಿಯನ್ನೇ ಬದಲಿಸಬೇಕು’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಹೊಸ ಕೀಲಿಗೆ ಸಾವಿರಗಟ್ಟಲೆ ಖರ್ಚು. ಮೂಗಿಗಿಂತ ಮೂಗುತಿ ಭಾರ. ಆದರೆ ‘ಹೋಗಿದೆ’ ಎಂದು ತೀರ್ಪು ಪಡೆದ ಎಷ್ಟೋ ರಿಮೋಟುಗಳು ನಿಜಕ್ಕೂ ಹೋಗಿರುವುದಿಲ್ಲ. ಒಂದು ಮಸಾಲೆ ದೋಸೆಯ ಬೆಲೆಯ ಬಿಲ್ಲೆ ಬ್ಯಾಟರಿ, ಕೆಲವೇ ರೂಪಾಯಿಯ ಸ್ವಿಚ್ಚು, ಬಿಟ್ಟುಹೋದ ಒಂದು ಬೆಸುಗೆ, ಇವುಗಳಲ್ಲಿ ಯಾವುದೋ ಒಂದು ಕಳ್ಳನಾಗಿರುತ್ತದೆ. ಅದನ್ನು ಹಿಡಿಯಲು ಬೇಕಾದದ್ದು ಸ್ವಲ್ಪ ತಾಳ್ಮೆ, ಸ್ವಲ್ಪ ಕ್ರಮ.

ಒಂದೇ ಮನೆಯಲ್ಲಿ ಮೂವರು

ಮೊದಲು ತಿಳಿಯಬೇಕಾದ ಸಂಗತಿಯೆಂದರೆ, ಕೈಯಲ್ಲಿರುವುದು ನೋಡಲು ಒಂದು ಕೀಲಿಯಾದರೂ ಅದರೊಳಗೆ ಮೂವರ ಸಂಸಾರವಿದೆ. ಒಂದು, ಹಲ್ಲು ಕೊರೆದ ಲೋಹದ ಅಲಗು. ಎರಡು, ಬಾಗಿಲು ತೆರೆಯಲು ಹಾಕಲು ಆಜ್ಞೆ ಕಳಿಸುವ ಪುಟ್ಟ ರೇಡಿಯೋ ಪ್ರೇಷಕ. ಬ್ಯಾಟರಿ ಬೇಕಾಗಿರುವುದು ಇದಕ್ಕೆ. ಮೂರು, ಎಂಜಿನ್ನಿಗೆ ಗುರುತಿನ ಚೀಟಿ ತೋರಿಸುವ ಚಿಪ್. ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಈ ಚಿಪ್ಪಿಗೆ ಬ್ಯಾಟರಿಯ ಹಂಗಿಲ್ಲ. ಕೀಲಿಯನ್ನು ತೂರಿಸುವ ಜಾಗದ ಸುತ್ತ ಇರುವ ತಂತಿ ಸುರುಳಿ ಸುಮಾರು 125 ಕಿಲೋಹರ್ಟ್ಸ್‌ನ ಅಲೆ ಹೊಮ್ಮಿಸುತ್ತದೆ; ಚಿಪ್ ಆ ಅಲೆಯಿಂದಲೇ ಶಕ್ತಿ ಪಡೆದು ತನ್ನ ಗುರುತು ಹೇಳುತ್ತದೆ. ಗುರುತು ತಾಳೆಯಾಗದಿದ್ದರೆ ಎಂಜಿನ್ ಓಡುವುದಿಲ್ಲ. ಯುರೋಪಿನಲ್ಲಿ 1998ರಿಂದ ಹೊಸ ಕಾರುಗಳಿಗೆ ಈ ಕಾವಲು ಕಡ್ಡಾಯವಾಯಿತು.

ಕೆಲವು ಮಾದರಿಗಳಲ್ಲಿ ಎರಡನೆಯವನೂ ಮೂರನೆಯವನೂ ಒಂದೇ ಹಲಗೆಯ ಮೇಲೆ ಕೂತಿರುತ್ತಾರೆ. ಆದರೂ ಅವರವರ ಕೆಲಸ ಬೇರೆ ಬೇರೆ. ಇದು ಗೊತ್ತಿದ್ದರೆ ಅರ್ಧ ರೋಗಪರೀಕ್ಷೆ ಮುಗಿದಂತೆ. ಗುಂಡಿಗೆ ಬಾಗಿಲು ತೆರೆಯದೆ, ಎಂಜಿನ್ ಮಾತ್ರ ಹೊರಟರೆ ದೋಷ ಪ್ರೇಷಕದ್ದು. ಬಾಗಿಲು ತೆರೆದು ಎಂಜಿನ್ ಹೊರಡದಿದ್ದರೆ ಚಿಪ್ಪಿನ ಕಡೆ ನೋಡಬೇಕು.

ದೂರದಿಂದ ಬಾಗಿಲು ತೆರೆಯುವ ಈ ಸೌಕರ್ಯವನ್ನು 1982ರಲ್ಲಿ ಫ್ರಾನ್ಸಿನ ರೆನೋ ಫ್ಯೂಗೋ ಕಾರಿನಲ್ಲಿ ಅಳವಡಿಸಲಾಯಿತು. ಅದನ್ನು ರೂಪಿಸಿದವರು ಪಾಲ್ ಲಿಪ್‌ಶುಟ್ಸ್. ಅವರ ಹೆಸರಿನಿಂದಲೇ ಫ್ರೆಂಚರು ಅದನ್ನು ‘ಪ್ಲಿಪ್’ ಎಂದು ಕರೆದರು. ಅದು ಟೀವಿ ರಿಮೋಟಿನಂತೆ ಅವಕೆಂಪು ಕಿರಣದ್ದು, ಗುರಿಯಿಟ್ಟು ಒತ್ತಬೇಕಿತ್ತು. ಮುಂದೆ ರೇಡಿಯೋ ಅಲೆ ಬಂದು ಗುರಿಯ ಗೊಡವೆ ತಪ್ಪಿತು. ಭಾರತ, ಯುರೋಪುಗಳಲ್ಲಿ ಸಾಮಾನ್ಯವಾಗಿ 433.92 ಮೆಗಾಹರ್ಟ್ಸ್, ಅಮೆರಿಕ, ಜಪಾನುಗಳಲ್ಲಿ ಹೆಚ್ಚಾಗಿ 315 ಮೆಗಾಹರ್ಟ್ಸ್ ಬಳಕೆಯಲ್ಲಿದೆ. ಹೀಗಾಗಿ ಪರದೇಶದಿಂದ ತರಿಸಿದ, ನೋಡಲು ತದ್ರೂಪಾದ ರಿಮೋಟು ಇಲ್ಲಿನ ಕಾರಿಗೆ ಒಗ್ಗದೇ ಹೋಗಬಹುದು.

ಒತ್ತಿದಷ್ಟೂ ಹೊಸ ಗುಟ್ಟು

ಆರಂಭದ ರಿಮೋಟುಗಳು ಪ್ರತಿಸಲವೂ ಒಂದೇ ಸಂಕೇತವನ್ನು ಕಳಿಸುತ್ತಿದ್ದವು. ಅದನ್ನು ಹತ್ತಿರದಲ್ಲೇ ಅಡಗಿ ಹಿಡಿದಿಟ್ಟುಕೊಂಡ ಕಳ್ಳ, ಮಾಲೀಕ ಹೋದ ಮೇಲೆ ಅದನ್ನೇ ಮರಳಿ ಬಿತ್ತರಿಸಿ ಬಾಗಿಲು ತೆರೆಯಬಹುದಿತ್ತು. ಇದಕ್ಕೆ ಮದ್ದಾಗಿ ಬಂದದ್ದು ಉರುಳುವ ಸಂಕೇತ. ಗುಂಡಿ ಒತ್ತಿದಾಗಲೆಲ್ಲ ರಿಮೋಟಿನೊಳಗಿನ ಎಣಿಕೆ ಒಂದು ಹೆಚ್ಚುತ್ತದೆ. ಆ ಎಣಿಕೆಯನ್ನು ಗುಪ್ತಲಿಪಿಗೆ ತಿರುಗಿಸಿ ಕಳಿಸಲಾಗುತ್ತದೆ. ಕಾರು ತಾನು ಕೊನೆಯ ಸಲ ಕೇಳಿದ ಎಣಿಕೆಯನ್ನು ನೆನಪಿಟ್ಟುಕೊಂಡು, ಅದಕ್ಕಿಂತ ಮುಂದಿನದನ್ನು ಮಾತ್ರ ಒಪ್ಪುತ್ತದೆ. ದಕ್ಷಿಣ ಆಫ್ರಿಕದಲ್ಲಿ 1980ರ ದಶಕದಲ್ಲಿ ಹುಟ್ಟಿ, 1995ರಲ್ಲಿ ಅಮೆರಿಕದ ಮೈಕ್ರೋಚಿಪ್ ಕಂಪೆನಿಯ ಕೈಸೇರಿದ ‘ಕೀಲಾಕ್’ ಇಂಥ ಪದ್ಧತಿಗಳಲ್ಲಿ ಹೆಸರುವಾಸಿ.

ಮನೆಯ ಮಗು ರಿಮೋಟನ್ನು ಆಟಿಕೆ ಮಾಡಿಕೊಂಡು ಮಧ್ಯಾಹ್ನವಿಡೀ ಒತ್ತುತ್ತ ಕೂತಿತೆನ್ನಿ. ಕಾರು ದೂರದಲ್ಲಿದೆ, ಅದಕ್ಕೇನೂ ಕೇಳಿಸದು. ಸಂಜೆ ನೋಡಿದರೆ ರಿಮೋಟಿನ ಎಣಿಕೆ ಎಲ್ಲೋ, ಕಾರಿನ ಎಣಿಕೆ ಎಲ್ಲೋ. ಕೀಲಾಕ್ ಪದ್ಧತಿಯಲ್ಲಿ ಅಂತರ 16ರ ಒಳಗಿದ್ದರೆ ಕಾರು ತಕರಾರಿಲ್ಲದೆ ಒಪ್ಪುತ್ತದೆ. ಅದಕ್ಕೂ ಮೀರಿದರೆ ಬೆನ್ನುಬೆನ್ನಿಗೆ ಎರಡು ಸರಿಯಾದ ಸಂಕೇತ ಕೇಳಿ ಮತ್ತೆ ಹೊಂದಿಕೊಳ್ಳುತ್ತದೆ. ಆದ್ದರಿಂದ ಕಾರಿನ ಪಕ್ಕ ನಿಂತು ನಾಲ್ಕಾರು ಸಲ ನಿಧಾನವಾಗಿ ಒತ್ತಿ ನೋಡುವುದು ಮೊದಲ ಚಿಕಿತ್ಸೆ. ಕೆಲವು ಕಾರುಗಳಲ್ಲಿ ಕೀಲಿ ತಿರುಗಿಸಿ ದೀಪಗಳು ಹೊತ್ತಿದ ಮೇಲೆ ಗುಂಡಿ ಒತ್ತಬೇಕು. ಕ್ರಮ ಮಾದರಿಯಿಂದ ಮಾದರಿಗೆ ಬೇರೆ. ಗ್ಲೋವ್ ಬಾಕ್ಸಿನಲ್ಲಿ ದೂಳು ತಿನ್ನುತ್ತಿರುವ ಕೈಪಿಡಿಗೆ ಆಗ ಬೆಲೆ ಬರುತ್ತದೆ.

ಮೊದಲು ರೋಗ ಗೊತ್ತಾಗಲಿ

ಸ್ಕ್ರೂಡ್ರೈವರ್ ಹುಡುಕುವ ಮುನ್ನ ಮನೆಯಲ್ಲಿರುವ ಎರಡನೆಯ ಕೀಲಿಯನ್ನು ಹುಡುಕಬೇಕು. ಅದೂ ಕೆಲಸ ಮಾಡದಿದ್ದರೆ ರಿಮೋಟು ಬಹುಶಃ ನಿರಪರಾಧಿ. ಕಾರಿನ ಬ್ಯಾಟರಿ ಬರಿದಾಗಿರಬಹುದು, ಫ್ಯೂಸ್ ಹೋಗಿರಬಹುದು, ಸಂಕೇತ ಕೇಳಿಸಿಕೊಳ್ಳುವ ಗ್ರಾಹಕವೇ ಕೆಟ್ಟಿರಬಹುದು. ಅಲಗಿನಿಂದ ಬಾಗಿಲು ತೆರೆದಾಗ ಒಳಗಿನ ದೀಪವೂ ಹೊತ್ತದಿದ್ದರೆ ಕಾರಿನ ಬ್ಯಾಟರಿಯತ್ತ ಬೊಟ್ಟು ಮಾಡಬಹುದು. ಆಗಲೂ ರಿಮೋಟನ್ನೇ ಬಿಚ್ಚುತ್ತ ಕೂತರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ.

ಎರಡನೆಯ ಕೀಲಿ ಸರಿಯಾಗಿದ್ದರೆ ದೋಷ ಮೊದಲನೆಯದರಲ್ಲೇ. ಅದು ಹೇಗೆ ಕೆಟ್ಟಿತು ಎಂಬುದೇ ಸುಳಿವು. ಮೊದಲು ಇಪ್ಪತ್ತು ಹೆಜ್ಜೆ ದೂರದಿಂದ ಕೇಳುತ್ತಿದ್ದುದು ಈಚೆಗೆ ಬಾಗಿಲ ಬಳಿ ಹೋದರೆ ಮಾತ್ರ ಕೇಳುತ್ತಿದೆಯೆಂದರೆ ಬ್ಯಾಟರಿ ಕ್ಷೀಣಿಸಿದೆ. ತೆರೆಯುವ ಗುಂಡಿ ಸತ್ತು ಹಾಕುವ ಗುಂಡಿ ಬದುಕಿದ್ದರೆ ಬ್ಯಾಟರಿಯ ತಪ್ಪಲ್ಲ, ಆ ಗುಂಡಿಯ ಸ್ವಿಚ್ಚಿನದು. ಕೆಳಗೆ ಬಿದ್ದ ಕ್ಷಣದಿಂದ ನಿಂತುಹೋಗಿದ್ದರೆ ಬೆಸುಗೆ ಬಿಟ್ಟಿರಬೇಕು, ಇಲ್ಲವೆ ಅಲೆಯ ಕಂಪನಾಂಕವನ್ನು ಕಾಯುವ ಸ್ಫಟಿಕ ಒಡೆದಿರಬೇಕು. ಒಂದು ಜಾಗದಲ್ಲಿ ಮಾತ್ರ ಮುಷ್ಕರ ಹೂಡಿ, ಬೇರೆಡೆ ಸುಸೂತ್ರವಾಗಿದ್ದರೆ ಅಲ್ಲಿ ಅದೇ ಕಂಪನಾಂಕದ ಬೇರೊಂದು ಪ್ರೇಷಕ ಗದ್ದಲ ಮಾಡುತ್ತಿದೆಯೆಂದು ತಿಳಿಯಬೇಕು.

ಕವಚ ಬಿಚ್ಚಿದ ಮೇಲೆ

ಕವಚದ ಅಂಚಿನಲ್ಲಿ ಒಂದು ಸಣ್ಣ ಸಂದು ಇರುತ್ತದೆ. ಅಲ್ಲಿ ಚಪ್ಪಟೆ ಸ್ಕ್ರೂಡ್ರೈವರಿನ ತುದಿಯಿಟ್ಟು ಮೆಲ್ಲನೆ ತಿರುಚಿದರೆ ಎರಡು ಹೋಳಾಗುತ್ತದೆ. ಕೆಳಗೆ ಬಿಳಿ ಬಟ್ಟೆ ಹಾಸಿಕೊಂಡರೆ ಚಿಮ್ಮಿದ ಬಿಡಿಭಾಗ ಕಳೆಯದು. ಬ್ಯಾಟರಿಯ ಯಾವ ಮುಖ ಮೇಲಿತ್ತು ಎಂಬುದನ್ನು ತೆಗೆಯುವ ಮೊದಲೇ ಗುರುತಿಸಿಕೊಳ್ಳಬೇಕು.

ಬ್ಯಾಟರಿಯ ಮೈಮೇಲಿನ ಅಂಕಿಯಲ್ಲೇ ಅದರ ಅಳತೆ ಅಡಗಿದೆ. ಸಿಆರ್ 2032 ಎಂದರೆ 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. ಸಿಆರ್ 2025ರ ದಪ್ಪ 2.5, ಸಿಆರ್ 2016ರದು 1.6 ಮಿಲಿಮೀಟರ್. ಮೂರೂ 3 ವೋಲ್ಟಿನವೇ. ಆದರೂ ಒಂದರ ಬದಲು ಇನ್ನೊಂದನ್ನು ತುರುಕಬಾರದು. ತೆಳ್ಳಗಿನದು ಸಂಪರ್ಕಕ್ಕೆ ಸಿಗದು, ದಪ್ಪನೆಯದು ಪಟ್ಟಿಯನ್ನು ಬಗ್ಗಿಸುತ್ತದೆ. ಹೊಸ ಬ್ಯಾಟರಿ ಮೀಟರಿನಲ್ಲಿ 3 ವೋಲ್ಟಿಗಿಂತ ತುಸು ಮೇಲೆಯೇ ತೋರಿಸುತ್ತದೆ. 2.8ಕ್ಕಿಂತ ಕೆಳಗಿಳಿದರೆ ಬದಲಿಸುವುದು ಲೇಸು. ಮೀಟರೂ ಒಮ್ಮೊಮ್ಮೆ ಮೋಸ ಮಾಡುತ್ತದೆ. ಹಳೆಯ ಬ್ಯಾಟರಿಯ ಆಂತರಿಕ ರೋಧ ಹೆಚ್ಚಿರುವುದರಿಂದ, ಸುಮ್ಮನಿದ್ದಾಗ 3 ವೋಲ್ಟ್ ತೋರಿಸಿದ್ದು ಪ್ರೇಷಕ ವಿದ್ಯುತ್ತು ಕೇಳಿದೊಡನೆ ಕುಸಿಯುತ್ತದೆ. ಗುಂಡಿ ಒತ್ತಿ ಹಿಡಿದಿರುವಾಗಲೇ ಅಳೆದರೆ ನಿಜ ಹೊರಬೀಳುತ್ತದೆ.

ಹೊಸ ಬ್ಯಾಟರಿಗೂ ಜೀವ ಬರಲಿಲ್ಲವೇ? ಸಂಪರ್ಕದ ಪಟ್ಟಿ ನೋಡಬೇಕು. ಕರಾವಳಿಯ ಉಪ್ಪುಗಾಳಿ, ಮಲೆನಾಡಿನ ಮಳೆಗಾಲದ ತೇವ, ಎರಡೂ ಅಲ್ಲಿ ಕಿಲುಬು ಹಿಡಿಸುತ್ತವೆ. ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿ, ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿದರೆ ಸಾಕು. ಪಟ್ಟಿ ಚಪ್ಪಟೆಯಾಗಿದ್ದರೆ ಕೂದಲೆಳೆಯಷ್ಟು ಮೇಲಕ್ಕೆತ್ತಬೇಕು.

ಮುಂದಿನ ಸರದಿ ಸ್ವಿಚ್ಚಿನದು. ರಬ್ಬರ್ ಗುಂಡಿಯ ಕೆಳಗೆ ಹಲಗೆಯ ಮೇಲೆ ಬೆಸೆದಿರುವ ಪುಟ್ಟ ಚೌಕ ಅದು. ಸಾವಿರಾರು ಸಲ ಒತ್ತಿಸಿಕೊಂಡು ಸವೆಯುವುದು ಅದರ ಹಣೆಬರಹ. ಪರೀಕ್ಷೆ ಸುಲಭ: ಬ್ಯಾಟರಿ ಕೂರಿಸಿ, ಸ್ವಿಚ್ಚಿನ ಎರಡು ಬದಿಯ ಕಾಲುಗಳನ್ನು ಚಿಮುಟದ ತುದಿಗಳಿಂದ ಕ್ಷಣಕಾಲ ಕೂಡಿಸಬೇಕು. ಕಾರು ಆಗ ಓಗೊಟ್ಟರೆ ಕಳ್ಳ ಸಿಕ್ಕಂತೆ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಇಂಥ ಸ್ವಿಚ್ಚುಗಳು ಅಳತೆವಾರು ಸಿಗುತ್ತವೆ. ಹಳೆಯದನ್ನು ಕೈಯಲ್ಲೇ ಒಯ್ದು ತೋರಿಸುವುದು ಜಾಣತನ. ಸೋಲ್ಡರಿಂಗ್ ಐರನ್ ಹಿಡಿದು ರೂಢಿಯಿಲ್ಲದವರು ಮೊಬೈಲ್ ರಿಪೇರಿ ಮಾಡುವವರ ಕೈಗೆ ಕೊಟ್ಟರೆ ಹತ್ತು ನಿಮಿಷದ ಕೆಲಸ. ಬಿಟ್ಟುಹೋದ ಬೆಸುಗೆಯನ್ನೂ ಅವರೇ ಭೂತಗನ್ನಡಿಯಲ್ಲಿ ನೋಡಿ ಸರಿಪಡಿಸಬಲ್ಲರು.

ರಿಮೋಟು ಬಟ್ಟೆಯ ಜೊತೆ ವಾಷಿಂಗ್ ಮೆಷಿನ್ನಿಗೆ ಹೋಗಿ ಬಂದಿದ್ದರೆ ಮೊದಲು ಮಾಡಬೇಕಾದದ್ದು ಬ್ಯಾಟರಿ ತೆಗೆಯುವುದು. ಹಲಗೆಯ ತಾಮ್ರವನ್ನು ತಿನ್ನುವುದು ಬರಿಯ ನೀರಲ್ಲ, ನೀರಿನ ಜೊತೆ ಸೇರಿದ ವಿದ್ಯುತ್ತು. ‘ಕೆಲಸ ಮಾಡುತ್ತದೋ ನೋಡೋಣ’ ಎಂದು ಗುಂಡಿ ಒತ್ತುವುದೇ ದೊಡ್ಡ ತಪ್ಪು. ಸಾಬೂನಿನ ಅಂಶ ಹೋಗಲು ಶುದ್ಧ ನೀರಿನಲ್ಲಿ ಅದ್ದಿ, ಆಮೇಲೆ ಆಲ್ಕೊಹಾಲಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆದು, ಫ್ಯಾನಿನ ಕೆಳಗೆ ಒಂದಿಡೀ ದಿನ ಒಣಗಿಸಬೇಕು. ಅಕ್ಕಿಡಬ್ಬಿಯಲ್ಲಿ ಹುಗಿದಿಡುವುದರಿಂದ ಸಂದುಗಳಿಗೆ ಹಿಟ್ಟು ಸೇರಬಹುದೇ ಹೊರತು ಉಪ್ಪು ಹೋಗದು.

ಎಸೆಯುವ ಮುನ್ನ ಎರಡು ಮಾತು

ಕವಚ ಒಡೆದಿದ್ದರೆ ಹೊಸ ಕವಚ ಅಗ್ಗಕ್ಕೆ ಸಿಗುತ್ತದೆ. ಹಲಗೆಯನ್ನು ಅದಕ್ಕೆ ವರ್ಗಾಯಿಸಿ, ಹಳೆಯ ಕವಚವನ್ನು ಕಸಕ್ಕೆ ಎಸೆದವರು ಮರುದಿನ ತಲೆಗೆ ಕೈಹೊತ್ತು ಕೂರುವುದುಂಟು. ಬಾಗಿಲು ತೆರೆಯುತ್ತದೆ, ಎಂಜಿನ್ ಮಾತ್ರ ಹೊರಡದು. ಗುರುತಿನ ಚಿಪ್ ಹಳೆಯ ಕವಚದ ಮೂಲೆಯೊಂದರಲ್ಲಿ ಕಪ್ಪು ಚೂರಿನಂತೆಯೋ ಗಾಜಿನ ಕೊಳವೆಯಂತೆಯೋ ಅಂಟಿಕೊಂಡಿದ್ದು, ಕಸದ ಗಾಡಿ ಹತ್ತಿ ಹೋಗಿರುತ್ತದೆ. ಹೊಸ ಕವಚದಲ್ಲಿ ಕಾರು ಎರಡು ಮೂರು ಸಲ ಹೊರಡುವ ತನಕ ಹಳೆಯದನ್ನು ಎಸೆಯಬಾರದು. ಒಂದೇ ಕೀಲಿ ಉಳಿದಿದ್ದರೆ ಇನ್ನೊಂದನ್ನು ಮಾಡಿಸಿಡುವುದನ್ನೂ ಮುಂದೂಡಬಾರದು. ಇರುವ ಕೀಲಿಯ ಜೊತೆ ಹೊಸದನ್ನು ಸೇರಿಸುವುದಕ್ಕಿಂತ, ಎಲ್ಲವೂ ಕಳೆದ ಮೇಲೆ ಮೊದಲಿನಿಂದ ಮಾಡಿಸುವುದು ಹೆಚ್ಚು ತಾಪತ್ರಯ. ಕಾರು ಕಳುವಾದಾಗ ವಿಮೆಯವರು ಎರಡೂ ಕೀಲಿಗಳನ್ನು ಕೇಳುವುದೂ ಉಂಟು.

ಎರಡನೆಯ ಮಾತು ಇದಕ್ಕಿಂತ ಮುಖ್ಯವಾದದ್ದು. ತೆಗೆದ ಹಳೆಯ ಬ್ಯಾಟರಿಯನ್ನು ಮೇಜಿನ ಮೇಲೆ ಬಿಟ್ಟು ಏಳಬಾರದು. ಹೊಳೆಯುವ ಆ ಬಿಲ್ಲೆ ಅಂಬೆಗಾಲಿಡುವ ಮಗುವಿನ ಬಾಯಿಗೆ ಹೋಗಲು ಅರೆಗಳಿಗೆ ಸಾಕು. 20 ಮಿಲಿಮೀಟರ್ ಅಗಲದ ಬಿಲ್ಲೆ ಪುಟ್ಟ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಅಲ್ಲಿನ ತೇವದಲ್ಲಿ ವಿದ್ಯುತ್ತು ಹರಿದು ಕ್ಷಾರ ಹುಟ್ಟುತ್ತದೆ. ಎರಡೇ ತಾಸಿನಲ್ಲಿ ನಾಳ ಸುಟ್ಟು ತೂತಾಗುವ ಹಂತ ತಲುಪಬಹುದು. ರಿಮೋಟಿಗೆ ಸಾಲದ ಬ್ಯಾಟರಿಯಲ್ಲೂ ಇದಕ್ಕೆ ಸಾಲುವಷ್ಟು ಕಸುವಿರುತ್ತದೆ. ನುಂಗಿರಬಹುದು ಎಂಬ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸಲು ಹೋಗದೆ, ನಾಳೆ ನೋಡೋಣ ಎನ್ನದೆ, ಎಕ್ಸ್-ರೇ ಇರುವ ಆಸ್ಪತ್ರೆಗೆ ಓಡಬೇಕು. ಇಂಥ ಸಾವೊಂದರ ತರುವಾಯ ಅಮೆರಿಕ 2022ರಲ್ಲಿ ಬಿಲ್ಲೆ ಬ್ಯಾಟರಿಗಳ ಸುರಕ್ಷತೆಗೆಂದೇ ಕಾನೂನು ಮಾಡಿತು. ಮನೆಯಲ್ಲಿ ಮಾಡಬೇಕಾದದ್ದು ಸರಳ: ಹಳೆಯ ಬ್ಯಾಟರಿಯ ಎರಡೂ ಮುಖಕ್ಕೆ ಟೇಪು ಸುತ್ತಿ, ಎತ್ತರದಲ್ಲಿಟ್ಟು, ಇ-ತ್ಯಾಜ್ಯ ಒಯ್ಯುವವರಿಗೆ ಕೊಡುವುದು.

ಇನ್ನು ಛತ್ರದ ಮುಂದೆ ಮಳೆಯಲ್ಲಿ ನಿಂತ ಯಜಮಾನರ ಪಾಡು. ಅವರ ಕೈಯಲ್ಲಿದ್ದ ಕೀಲಿಯ ಹೊಟ್ಟೆಯೊಳಗೇ ಲೋಹದ ಅಲಗು ಇತ್ತು. ಸಣ್ಣ ಕೊಕ್ಕೆ ಸರಿಸಿದರೆ ಹೊರಬರುತ್ತಿತ್ತು. ಬಾಗಿಲ ಹಿಡಿಯ ಬಳಿ, ಕೆಲವು ಕಾರುಗಳಲ್ಲಿ ಮುಚ್ಚಳದ ಮರೆಯಲ್ಲಿ, ಅದಕ್ಕೆ ಬೀಗದ ಕಂಡಿಯೂ ಇತ್ತು. ತೆರೆದಾಗ ಕಾರು ಅರಚಿಕೊಂಡರೂ, ಎಂಜಿನ್ ಹೊರಟೊಡನೆ ಸುಮ್ಮನಾಗುತ್ತಿತ್ತು. ಗುಂಡಿ ಒತ್ತಿ ಹೊರಡಿಸುವ ಕಾರಾದರೆ, ಬ್ಯಾಟರಿ ಸತ್ತ ರಿಮೋಟನ್ನು ಆ ಗುಂಡಿಗೇ, ಇಲ್ಲವೆ ಕೈಪಿಡಿ ಹೇಳುವ ಜಾಗಕ್ಕೆ ತಾಗಿಸಿ ಹಿಡಿದರೆ ಸಾಕಿತ್ತು. ಬ್ಯಾಟರಿಯ ಹಂಗಿಲ್ಲದ ಮೂರನೆಯವನು ಅಲ್ಲಿ ಕೈಹಿಡಿಯುತ್ತಿದ್ದ. ಆ ಕೊಕ್ಕೆ ಎಲ್ಲಿದೆ, ಆ ಕಂಡಿ ಎಲ್ಲಿದೆ ಎಂಬುದನ್ನು ಹಗಲು ಹೊತ್ತಿನಲ್ಲಿ, ಮನೆಯ ಅಂಗಳದಲ್ಲಿ ಒಮ್ಮೆ ನೋಡಿ, ತಿರುಗಿಸಿ ರೂಢಿಮಾಡಿಕೊಂಡಿದ್ದರೆ ಆಗಿತ್ತು. ಮಗುವಿನ ನಿದ್ದೆಯೂ ಕೆಡುತ್ತಿರಲಿಲ್ಲ.