ಹ್ಯಾಮರ್ ಬದಲಾದರೆ ಬೆರಳಿಗೆ ತಿಳಿಯುವುದೇನು?

ಯಂತ್ರದ ಗುಣಾವಗುಣಗಳನ್ನೆಲ್ಲ ಕಣ್ಣಿಗೆ ಎದ್ದು ಕಾಣುವ ಭಾಗಕ್ಕೆ ಆರೋಪಿಸುವುದು ಮನುಷ್ಯನ ಹಳೆಯ ಅಭ್ಯಾಸ. ಪಿಸ್ತೂಲಿನ ವಿಷಯದಲ್ಲಿ ಈ ಅಭ್ಯಾಸವು ತಪ್ಪು ತಿಳಿವಳಿಕೆಗೆ ಮಾತ್ರವಲ್ಲದೆ ಅಪಾಯಕ್ಕೂ ಎಡೆಗೊಡುತ್ತದೆ. ಗುರಿಕಾರರಲ್ಲಿ ಕೆಲವರು ಹಳೆಯ ಹ್ಯಾಮರನ್ನು ತೆಗೆದು, ಹಗುರವಾದ ಹೊಸದನ್ನು ಅಳವಡಿಸಿ, ಟ್ರಿಗರು ಈಗ ಬೆಣ್ಣೆಯಂತಾಯಿತೆಂದು ಹಿಗ್ಗುವುದುಂಟು. ಅವರ ಬೆರಳಿನ ಅನುಭವ ಸುಳ್ಳಲ್ಲ. ಆದರೆ ಅದಕ್ಕೆ ಅವರು ಕೊಡುವ ಕಾರಣ ಸರಿಯಲ್ಲವೆಂಬುದು ನಮ್ಮ ಅಭಿಪ್ರಾಯ.

ಅಮೆರಿಕದ ಜಾನ್ ಬ್ರೌನಿಂಗ್ ರಚಿಸಿದ, ೧೯೧೧ರಲ್ಲಿ ಆ ದೇಶದ ಸೈನ್ಯವು ಅಂಗೀಕರಿಸಿದ ಪಿಸ್ತೂಲನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅಂಗೀಕಾರದ ವರ್ಷವೇ ಅದಕ್ಕೆ ಹೆಸರಾಗಿ ನಿಂತಿದೆ. ಅದರ ಹಿಂಭಾಗದಲ್ಲಿ ಕಾಣುವ ಪುಟ್ಟ ಸುತ್ತಿಗೆಯೇ ಹ್ಯಾಮರ್. ಹಿಡಿಕೆಯೊಳಗಿನ ಬಲವಾದ ಸ್ಪ್ರಿಂಗು ಅದನ್ನು ಸದಾ ಮುಂದಕ್ಕೆ ನೂಕುತ್ತಿರುತ್ತದೆ. ಅದನ್ನು ತಡೆದು ನಿಲ್ಲಿಸುವುದು ‘ಸಿಯರ್’ ಎಂಬ ಚಿಕ್ಕ ಸನ್ನೆ. ಹ್ಯಾಮರಿನ ಬುಡದ ಕೊಕ್ಕೆಗಳಿಗೆ ಸಿಯರಿನ ತುದಿಯು ಅಡ್ಡವಾಗಿ ನಿಂತಿರುತ್ತದೆ. ಈ ಹಿಡಿತದ ಆಳ ಒಂದು ಮಿಲಿಮೀಟರಿಗೂ ಕಡಿಮೆ. ಟ್ರಿಗರನ್ನು ಒತ್ತಿದಾಗ ಸಿಯರು ಕೊಕ್ಕೆಗಳಿಂದ ಜಾರುತ್ತದೆ. ಬಿಡುಗಡೆಗೊಂಡ ಹ್ಯಾಮರು ಧಾವಿಸಿ, ತೋಟಾದ ಬುಡವನ್ನು ಕುಟ್ಟುವ ಸೂಜಿಯನ್ನು ಬಡಿಯುತ್ತದೆ.

ಹಾಗಾದರೆ ಬೆರಳು ಎದುರಿಸುವ ತಡೆ ಯಾವುದು? ಸಿಯರನ್ನು ಒತ್ತಿಹಿಡಿದಿರುವ ಸ್ಪ್ರಿಂಗಿನ ಬಲ ಒಂದು; ಸಿಯರಿನ ತುದಿಗೂ ಕೊಕ್ಕೆಗೂ ನಡುವಣ ಘರ್ಷಣೆ ಇನ್ನೊಂದು. ಕೊಕ್ಕೆಗಳು ಹ್ಯಾಮರಿನ ಅಚ್ಚಿಗೆ ತೀರ ಸಮೀಪದಲ್ಲಿರುವುದರಿಂದ, ಸನ್ನೆಯ ನಿಯಮದಂತೆ ಅಲ್ಲಿಯ ಒತ್ತಡ ಬಹಳ ಹೆಚ್ಚು. ಒತ್ತಡ ಹೆಚ್ಚಿದಷ್ಟೂ ಘರ್ಷಣೆ ಹೆಚ್ಚು. ಟ್ರಿಗರನ್ನು ಒತ್ತುವಾಗ ಹ್ಯಾಮರು ಬಹುಮಟ್ಟಿಗೆ ನಿಶ್ಚಲವಾಗಿಯೇ ಇರುವುದರಿಂದ ಅದರ ತೂಕಕ್ಕೆ ಈ ಲೆಕ್ಕದಲ್ಲಿ ಸ್ಥಾನವಿಲ್ಲ. ಸ್ಪ್ರಿಂಗು ಒದಗಿಸುವ ಶಕ್ತಿ ಅಷ್ಟೇ ಇದ್ದು ತೂಕ ಇಳಿದರೆ ಹ್ಯಾಮರು ಇನ್ನಷ್ಟು ವೇಗದಿಂದ ಬೀಳುವುದು ನಿಜ. ಆದರೆ ಅದು ಬೆರಳಿನ ಕೆಲಸ ಮುಗಿದ ಮೇಲೆ ನಡೆಯುವ ಸಂಗತಿ. ಹೊಸ ಹ್ಯಾಮರಿನಿಂದ ಟ್ರಿಗರು ನಯವಾಗಿದ್ದರೆ, ಹೊಸ ಕೊಕ್ಕೆಗಳ ನುಣುಪು, ಎತ್ತರ ಮತ್ತು ಕೋನಗಳಲ್ಲಿಯೇ ಕಾರಣವನ್ನು ಹುಡುಕಬೇಕು.

ಟ್ರಿಗರಿನ ನಯವು ಬರಿಯ ಶೋಕಿಯ ಮಾತಲ್ಲ. ಈ ಪಿಸ್ತೂಲಿನಲ್ಲಿ ಗುರಿ ನೋಡುವ ಮುಂದಿನ ಮತ್ತು ಹಿಂದಿನ ಗುರುತುಗಳ ಅಂತರ ಸುಮಾರು ೧೬.೫ ಸೆಂಟಿಮೀಟರು. ಒತ್ತುವಾಗ ಮುಂದಿನ ಗುರುತು ಒಂದು ಮಿಲಿಮೀಟರು ಸರಿದರೂ, ಸಮರೂಪ ತ್ರಿಭುಜಗಳ ನಿಯಮದಂತೆ, ೨೫ ಮೀಟರು ದೂರದಲ್ಲಿ ಗುಂಡು ಸುಮಾರು ೧೫ ಸೆಂಟಿಮೀಟರು ತಪ್ಪುತ್ತದೆ. ಅಂತರರಾಷ್ಟ್ರೀಯ ಶೂಟಿಂಗ್ ಕ್ರೀಡಾ ಒಕ್ಕೂಟದ ನಿಯಮದಂತೆ, ೨೫ ಮೀಟರು ಪಿಸ್ತೂಲು ಸ್ಪರ್ಧೆಯಲ್ಲಿ ಟ್ರಿಗರು ಕನಿಷ್ಠ ೧೦೦೦ ಗ್ರಾಂ ತೂಕವನ್ನು ತಡೆಯಬೇಕು. ಆದರೆ ಅಷ್ಟೇ ತೂಕಕ್ಕೆ ಬಿಡುಗಡೆಯಾಗುವ ಎರಡು ಟ್ರಿಗರುಗಳು ಬೆರಳಿಗೆ ಬೇರೆಬೇರೆಯಾಗಿ ತೋರಬಹುದು. ನಿಂತ ವಸ್ತುವನ್ನು ಕದಲಿಸಲು ಬೇಕಾದ ಬಲವು ಚಲಿಸುವುದನ್ನು ಚಲಿಸುತ್ತಿರಿಸಲು ಬೇಕಾದುದಕ್ಕಿಂತ ಸಾಮಾನ್ಯವಾಗಿ ಹೆಚ್ಚು. ಒರಟಾದ ಮೈಗಳು ಹಿಡಿದು, ಜಾರಿ, ಮತ್ತೆ ಹಿಡಿಯುತ್ತವೆ. ಬೆರಳಿಗೆ ಮರಳು ಸಿಕ್ಕಂತೆ ತೋರುವುದು ಇದರಿಂದಲೇ.

ಇಲ್ಲಿಯೇ ಅಪಾಯವೂ ಅಡಗಿದೆ. ಕೊಕ್ಕೆಗಳ ಎತ್ತರವನ್ನು ತಗ್ಗಿಸಿದರೆ ಟ್ರಿಗರು ಚುರುಕಾಗುತ್ತದೆ, ಹಿಡಿತವೂ ಅಷ್ಟಕ್ಕೆ ಸಡಿಲವಾಗುತ್ತದೆ. ಕೋನವು ಒಂದು ಕಡೆಗೆ ವಾಲಿದರೆ ಸ್ಪ್ರಿಂಗಿನ ಒತ್ತಡವು ಸಿಯರನ್ನು ಒಳಕ್ಕೆ ಸೆಳೆದು ಹಿಡಿತವನ್ನು ಭದ್ರಪಡಿಸುತ್ತದೆ. ಇನ್ನೊಂದು ಕಡೆಗೆ ವಾಲಿದರೆ ಅದೇ ಒತ್ತಡ ಸಿಯರನ್ನು ಹೊರಕ್ಕೆ ತಳ್ಳುತ್ತದೆ. ಆಗ ಬೆರಳಿಗೆ ಹಿತವೆನಿಸುವ ಟ್ರಿಗರು, ಪಿಸ್ತೂಲಿನ ಮೇಲಿನ ಸ್ಲೈಡು ಮುಂದಕ್ಕೆ ಬಡಿದ ಅದುರಿಗೇ ಹ್ಯಾಮರನ್ನು ಬಿಟ್ಟುಬಿಡಬಹುದು. ಹಾಗೆ ಜಾರಿದ ಹ್ಯಾಮರನ್ನು ನಡುದಾರಿಯಲ್ಲಿ ಹಿಡಿಯಲೆಂದು ಬ್ರೌನಿಂಗ್ ಅದರಲ್ಲಿ ಇನ್ನೊಂದು ಕಚ್ಚನ್ನು ಇರಿಸಿದ್ದಾನೆ. ಅದು ಆಪತ್ತಿನ ತಡೆ. ಅದನ್ನು ನಂಬಿ ಮೊದಲ ಹಿಡಿತವನ್ನು ಸಡಿಲಿಸುವುದು ವಿವೇಕವಲ್ಲ.

ಇಂದಿನ ಕಾರ್ಖಾನೆಗಳಲ್ಲಿ ಭಾಗಗಳೆಲ್ಲ ಒಂದೇ ಅಳತೆಗೆ ತಯಾರಾಗುವಾಗ ಒಂದನ್ನು ತೆಗೆದು ಇನ್ನೊಂದನ್ನು ಹಾಕಿದರೆ ತಪ್ಪೇನೆಂದು ಕೇಳಬಹುದು. ಯಾವ ಎರಡು ಭಾಗಗಳೂ ಕೂದಲೆಳೆಯಷ್ಟೂ ಭೇದವಿಲ್ಲದೆ ತಯಾರಾಗುವುದಿಲ್ಲ. ಒಂದು ಮಿಲಿಮೀಟರಿನ ನೂರರ ಕೆಲವು ಪಾಲುಗಳ ಭೇದವು ಹ್ಯಾಮರಿನ ಮೈಗೆ ಲೆಕ್ಕಕ್ಕಿಲ್ಲ. ಒಂದು ಮಿಲಿಮೀಟರೂ ಇಲ್ಲದ ಕೊಕ್ಕೆಗೆ ಅದು ದೊಡ್ಡ ಅಂಶ. ಅಲ್ಲದೆ ಹಳೆಯ ಸಿಯರು ಸವೆದು ಹೊಂದಿಕೊಂಡಿರುವುದು ಹಳೆಯ ಕೊಕ್ಕೆಗೇ ಹೊರತು ಹೊಸದಕ್ಕಲ್ಲ.

ಆದುದರಿಂದ ಹ್ಯಾಮರು ಮತ್ತು ಸಿಯರುಗಳನ್ನು ಒಂದು ಜೋಡಿಯೆಂದೇ ಎಣಿಸಬೇಕು. ಬದಲಿಸುವುದಾದರೆ ಈ ಕೆಲಸದಲ್ಲಿ ನುರಿತವರೇ ಬದಲಿಸಿ, ಅಳೆದು, ಪರೀಕ್ಷಿಸಬೇಕು. ಬೆರಳು ಒಳ್ಳೆಯ ಸಾಕ್ಷಿಯೇನೋ ಹೌದು, ಆದರೆ ತೀರ್ಪು ಕೊಡುವ ಅಧಿಕಾರ ಅದಕ್ಕಿಲ್ಲ. ನಮ್ಮ ವಿದ್ಯಾರ್ಥಿ ವಾಚಕರಲ್ಲಿ ಹೆಚ್ಚಿನವರು ಪಿಸ್ತೂಲನ್ನು ಎಂದೂ ಮುಟ್ಟಲಿಕ್ಕಿಲ್ಲ, ಮುಟ್ಟಬೇಕಾಗಿಯೂ ಇಲ್ಲ. ಆದರೆ ಸೈಕಲ್ಲಿನ ಬ್ರೇಕಾಗಲಿ ಬಾಗಿಲಿನ ಬೀಗವಾಗಲಿ, ಯಂತ್ರವೊಂದು ನಯವಾಯಿತೆಂದೋ ಬಿಗಿಯಾಯಿತೆಂದೋ ತೋರಿದಾಗ, ಎರಡು ಭಾಗಗಳು ಒಂದನ್ನೊಂದು ಮುಟ್ಟುವ ಸ್ಥಳವನ್ನು ಮೊದಲು ನೋಡುವ ಅಭ್ಯಾಸವನ್ನು ಅವರು ಬೆಳೆಸಿಕೊಳ್ಳಬೇಕೆಂದು ನಾವು ಬಯಸುತ್ತೇವೆ.