ಪ್ಲಗಿನ್ ಒಳಗಿನ ಹಲಗೆಗೂ ಒಂದು ಹೆಸರಿರಲಿ

ರಾತ್ರಿ ಹನ್ನೊಂದಕ್ಕೆ ಹೆಡ್‌ಫೋನ್ ಹಾಕಿಕೊಂಡು ಕೀಬೋರ್ಡ್ ಕುಟ್ಟುತ್ತಿದ್ದ ನನ್ನನ್ನು ನೋಡಿ ರೂಮ್‌ಮೇಟ್, 'ಏನಪಾ, ಕೋಡಿಂಗ್ ಜೋರು ನಡದೈತಲ್ಲ' ಅಂದ. ನಾನು ಕುಟ್ಟುತ್ತಿದ್ದುದು ಡ್ರಮ್. ಲ್ಯಾಪ್‌ಟಾಪಿನ ಮ್ಯೂಸಿಕ್ ಸಾಫ್ಟ್‌ವೇರ್‌ನಲ್ಲಿ ಕೂರುವ, ಕಣ್ಣಿಗೆ ಕಾಣದ ಡ್ರಮ್.

ನಮ್ಮೂರು ಮಸ್ಕಿ. ಈ ಕಡೆ ಲಿಂಗಸುಗೂರು, ಆ ಕಡೆ ಸಿಂಧನೂರು. ಮದುವೆ, ಜಾತ್ರೆ, ಗಣೇಶ ಬಂದರೆ ಮೂರೂ ಊರಲ್ಲಿ ಡಿಜೆ ಸದ್ದು. ಅದರಲ್ಲಿ ಬರುವ ಜನಪದ ರೀಮಿಕ್ಸ್‌ಗಳನ್ನು ನನ್ನ ವಯಸ್ಸಿನ ಹುಡುಗರೇ ಸಣ್ಣ ಕೋಣೆಗಳಲ್ಲಿ ಕೂತು ಮಾಡುತ್ತಾರೆ. ನಾನೂ ಕಲಿಯೋಣ ಅಂತ ಇಳಿದೆ.

ಮೊದಲ ವಾರ ಸದ್ದೇ ಬರಲಿಲ್ಲ. ಪ್ಲಗಿನ್ ಹಾಕಿದ್ದೆ, ಆದರೆ ಅದು ಕೂತ ಫೋಲ್ಡರನ್ನು ಸಾಫ್ಟ್‌ವೇರ್‌ಗೆ ತೋರಿಸಿ ಸ್ಕ್ಯಾನ್ ಮಾಡಿಸಿರಲಿಲ್ಲ. ಆಮೇಲೆ ಸದ್ದು ಬಂತು, ತಡವಾಗಿ ಬಂತು. ಬಫರ್ 1,024 ಸ್ಯಾಂಪಲ್ ಇತ್ತು. ಸೆಕೆಂಡಿಗೆ 44,100 ಸ್ಯಾಂಪಲ್ ಲೆಕ್ಕದಲ್ಲಿ ಅದೊಂದೇ 23 ಮಿಲಿಸೆಕೆಂಡ್ ತಡ. 128ಕ್ಕೆ ಇಳಿಸಿದರೆ ಸುಮಾರು 3. ಸಿಗ್ನಲ್ಸ್ ಪಾಠದಲ್ಲಿ ತಲೆಗೆ ಹತ್ತದ ಸ್ಯಾಂಪ್ಲಿಂಗ್ ಅವತ್ತು ಬೆರಳಿಗೆ ಹತ್ತಿತು. ಮುಂದಿನ ಸಮಸ್ಯೆ ಕೀಲಿಗಳದ್ದು. ಜನರಲ್ ಮಿಡಿ ಪದ್ಧತಿಯಲ್ಲಿ 36ನೇ ನೋಟ್ ಕಿಕ್, 38 ಸ್ನೇರ್, 42 ಮುಚ್ಚಿದ ಹೈ-ಹ್ಯಾಟ್. ಎಲ್ಲ ಪ್ಲಗಿನ್‌ಗಳೂ ಇದನ್ನು ಪಾಲಿಸುವುದಿಲ್ಲವಾದ್ದರಿಂದ ಕಿಕ್ ಒತ್ತಿದರೆ ಬೇರೇನೋ ಕೂಗುತ್ತದೆ. ಹೊಸಬರಿಗೆ ಇಷ್ಟು ಹೇಳುತ್ತೇನೆ: ಗೆಳೆಯರ ಪೆನ್‌ಡ್ರೈವ್‌ನಲ್ಲಿ ಸಿಗುವ ಕ್ರ್ಯಾಕ್ ಆವೃತ್ತಿಯ ಸಹವಾಸ ಬೇಡ. ನನ್ನ ಸೆಮಿಸ್ಟರ್‌ನ ಪ್ರಾಜೆಕ್ಟ್ ಫೈಲುಗಳು ಅದರೊಟ್ಟಿಗೆ ಬಂದ ವೈರಸ್‌ಗೆ ಹೋದವು. ರೀಪರ್ 60 ದಿನ ಉಚಿತ, ಎಲ್‌ಎಂಎಂಎಸ್ ಪೂರ್ತಿ ಉಚಿತ, ಎಂಟಿ ಪವರ್ ಡ್ರಮ್‌ಕಿಟ್‌ನಂಥ ಉಚಿತ ಪ್ಲಗಿನ್‌ಗಳೂ ಇವೆ. ಕಲಿಯಲು ಇಷ್ಟು ಸಾಕು.

ಆದರೆ ನಾನು ಹುಡುಕುತ್ತಿದ್ದ ಸದ್ದು ನನಗೆ ಸಿಕ್ಕ ಯಾವುದರಲ್ಲೂ ಇರಲಿಲ್ಲ. 'ಇಂಡಿಯನ್ ಪರ್ಕಷನ್' ಅಂತ ಹೆಸರಿದ್ದ ಫೋಲ್ಡರ್‌ಗಳಲ್ಲಿ ತಬಲಾ ಇತ್ತು, ಢೋಲಕ್ ಇತ್ತು. ಹಲಗೆ ಇಲ್ಲ. ಮುದಗಲ್‌ನ ಮೊಹರಂ ನೋಡಿದವರಿಗೆ, ಅಲಾಯಿ ಕುಣಿತದ ಮುಂದೆ ನಿಂತವರಿಗೆ ಗೊತ್ತು, ಆ ಪೆಟ್ಟು ಕಿವಿಗಿಂತ ಮೊದಲು ಎದೆಗೆ ಬೀಳುತ್ತದೆ.

ರಜೆಗೆ ಊರಿಗೆ ಹೋದಾಗ ಹಲಗೆ ಬಾರಿಸುವ ಕಾಕಾ ಒಬ್ಬರನ್ನು ಕೇಳಿದೆ. ಕಾಕಾ ಒಪ್ಪಿದರು. ಹುಲ್ಲಿನ ಬೆಂಕಿ ಹಾಕಿ ಹಲಗೆ ಕಾಯಿಸಿದರು; ಚರ್ಮ ಬಿಗಿಯಾದ ಮೇಲೆ ಒಂದು ಕೈಲಿ ತೆಳು ಕಡ್ಡಿ, ಇನ್ನೊಂದರಲ್ಲಿ ಗಿಡ್ಡ ಕೋಲು. ಒಂದೊಂದೇ ಪೆಟ್ಟು ಬೇಕು ಅಂದೆ, ಮೆಲ್ಲಗೆ, ನಡುವೆ, ಜೋರಾಗಿ. ಮಿಡಿಯಲ್ಲಿ ಒತ್ತಡದ ಅಳತೆ 127ರ ತನಕ ಇರುತ್ತದೆ. ಮೆಲ್ಲಗೆ ಒತ್ತಿದರೆ ಮೆಲ್ಲನೆಯ ಪೆಟ್ಟೇ ಬರಬೇಕು. ಒಂದೇ ಪೆಟ್ಟು ಮತ್ತೆ ಮತ್ತೆ ಬಂದರೆ ಹೊಲಿಗೆ ಯಂತ್ರದಂತೆ ಕೇಳುತ್ತದೆ, ಅದಕ್ಕೇ ಪ್ರತಿ ಬಗೆಗೂ ನಾಲ್ಕು ನಾಲ್ಕು. 'ಇದೇನ್ ತಮ್ಮಾ, ಬಡಿಯಾಕ ಬಂದವಗ ಎಣಸಾಕ ಹಚ್ಚೀದಿ' ಅಂತ ಕಾಕಾ ನಕ್ಕರು. ಒಂದು ಬಡಿತಕ್ಕೆ ಮಾತ್ರ ಒಪ್ಪಲಿಲ್ಲ. ಸಾವಿನದು. 'ಅದನ್ನ ಡಬ್ಬ್ಯಾಗ ಇಡಬ್ಯಾಡ.'

ಹಾಸ್ಟೆಲ್‌ಗೆ ಬಂದು ಎಲ್ಲವನ್ನೂ ಕತ್ತರಿಸಿ, ಡಿಸೆಂಟ್ ಸ್ಯಾಂಪ್ಲರ್ ಎಂಬ ಉಚಿತ ಪ್ಲಗಿನ್‌ನಲ್ಲಿ ಕೂಡಿಸಿದೆ. ಅದಕ್ಕೆ ಬೇಕಾದ್ದು ಒಂದು ಎಕ್ಸ್‌ಎಂಎಲ್ ಫೈಲ್ ಅಷ್ಟೇ. ಯಾವ ಕೀಲಿಗೆ, ಎಷ್ಟು ಒತ್ತಡಕ್ಕೆ, ಯಾವ ಪೆಟ್ಟು ಅಂತ ಬರೆಯುವುದು. ಮೇಲೊಂದು ಲೂಪ್ ಮಾಡಿ ಎಲ್ಲ ಪೆಟ್ಟನ್ನೂ ಗ್ರಿಡ್‌ಗೆ ನೇರ ಕೂರಿಸಿ ಕಾಕಾಗೆ ಕಳಿಸಿದೆ. ಫೋನ್ ಬಂತು: 'ಚಂದ ಐತಿ. ಖರೇ, ಕುಣಸಂಗಿಲ್ಲ.' ಅವರ ಕೈ ಗೆರೆಗಿಂತ ಕೂದಲಷ್ಟು ಹಿಂದೆ ಬೀಳುತ್ತದೆ, ಕುಣಿತ ಏರಿದಂತೆ ವೇಗವೂ ಏರುತ್ತದೆ. ನಾನು 120 ಅಂತ ಕಟ್ಟಿಹಾಕಿದ್ದೆ. ಬಿಚ್ಚಿದೆ, ಕುಣಿಯಿತು.

ತಪ್ಪಾಗಿದ್ದು ಆಮೇಲೆ. ಡಿಜೆಯವರೊಬ್ಬರು ಇಡೀ ಪ್ಯಾಕ್ ಕೇಳಿದರು. ಒಂದೂವರೆ ಸಾವಿರಕ್ಕೆ ಕೊಟ್ಟೆ, ಆ ದುಡ್ಡು ನನ್ನ ಮೈಕ್‌ಗೆ ಹೋಯಿತು. ಮುಂದಿನ ರಜೆಯಲ್ಲಿ ಓಣಿಯ ಮದುವೆ ಮೆರವಣಿಗೆಯಲ್ಲಿ ಬಾಕ್ಸ್‌ಗಳಿಂದ ಹಲಗೆ ಕೇಳಿಬಂತು. ಕಾಕಾರ ಹಲಗೆ. ಕಾಕಾ ಮಾತ್ರ ಅಂಗಡಿ ಕಟ್ಟೆಯ ಮೇಲೆ ಕೂತು ಕೇಳುತ್ತಿದ್ದರು. ಆ ಮದುವೆಗೆ ಹಲಗೆಯವರನ್ನು ಕರೆದಿರಲಿಲ್ಲ. ನನ್ನನ್ನು ನೋಡಿ ಏನೂ ಅನ್ನಲಿಲ್ಲ. 'ಚಾ ಕುಡೀತೀ ಏನ್ ತಮ್ಮಾ' ಅಂದರು.

ಗೆಳೆಯರು, 'ಅದು ಸೌಂಡ್ ಲೇ, ಅದಕ್ಕ ಯಾರ ಮಾಲಕರು' ಅನ್ನುತ್ತಾರೆ. ನಾನೂ ಹಾಗೇ ಸಮಾಧಾನ ಮಾಡಿಕೊಂಡಿದ್ದೆ. ಆದರೆ ಈ ಮಾತಿನ ಕೊನೆ ಎಲ್ಲಿಗೆ ಮುಟ್ಟುತ್ತದೆ ಅನ್ನುವುದಕ್ಕೆ ಅಮೆರಿಕದಲ್ಲಿ ಉದಾಹರಣೆ ಇದೆ. 1969ರಲ್ಲಿ ವಿನ್‌ಸ್ಟನ್ಸ್ ತಂಡದ 'ಅಮೆನ್, ಬ್ರದರ್' ಹಾಡಿಗೆ ಗ್ರೆಗರಿ ಕೋಲ್ಮನ್ ಬಾರಿಸಿದ ಕೆಲವೇ ಸೆಕೆಂಡುಗಳ ಡ್ರಮ್ ಮುಂದೆ ಸಾವಿರಾರು ಹಾಡುಗಳಿಗೆ ಬಳಕೆಯಾಯಿತು. ಅದರಿಂದ ಅವರಿಗೆ ಬಂದದ್ದು ಏನೂ ಇಲ್ಲ. 2006ರಲ್ಲಿ ತೀರಿಹೋದಾಗ ಅವರಿಗೆ ಮನೆಯೂ ಇರಲಿಲ್ಲ.

ನಮ್ಮ ಕಾನೂನು ಅಷ್ಟು ಕುರುಡಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 38ನೇ ಸೆಕ್ಷನ್ ಪ್ರದರ್ಶನ ಕೊಟ್ಟವರಿಗೂ ಹಕ್ಕು ಕೊಡುತ್ತದೆ, ಅದು 50 ವರ್ಷ ಇರುತ್ತದೆ. 2012ರ ತಿದ್ದುಪಡಿಯಿಂದ ಬಂದ 38ಬಿ ಪ್ರಕಾರ, 'ಇದನ್ನು ಬಾರಿಸಿದವನು ನಾನು' ಅಂತ ಗುರುತಿಸಿಕೊಳ್ಳುವುದೂ ಹಕ್ಕು. ಬಿಡಿಬಿಡಿ ಪೆಟ್ಟಿಗೆ ಇದು ಎಷ್ಟು ಅನ್ವಯ ಅಂತ ವಕೀಲರು ವಾದಿಸಲಿ. ರೆಕಾರ್ಡ್ ಮಾಡಿದವರು ನಾವು. ಹೆಸರು ಬರೆಯಲು, ಪಾಲು ಕೊಡಲು ವಕೀಲರು ಬೇಕಿಲ್ಲ. ಹೆಸರಿನ ಬೆಲೆ ಮಸ್ಕಿಯವರಿಗೆ ಬೇರೆ ಹೇಳಬೇಕೇ? ಶಾಸನಗಳಲ್ಲಿ ಬರೀ 'ದೇವಾನಾಂಪ್ರಿಯ' ಎಂದಿದ್ದ ದೊರೆ ಅಶೋಕನೇ ಎಂಬುದು ಗಟ್ಟಿಯಾದದ್ದು 1915ರಲ್ಲಿ ನಮ್ಮೂರ ಬಂಡೆ ಸಿಕ್ಕ ಮೇಲೆ. ಚಕ್ರವರ್ತಿಗೇ ಹೆಸರು ಬೇಕಾಗಿತ್ತು.

ಇಲ್ಲಿಗೆ 'ಕಲೆ ಉಳಿಸೋಣ' ಅಂತ ಬರೆದು ಮುಗಿಸಬಹುದಿತ್ತು. ಕಾಕಾರ ಮಗ ಬಿಡಲಿಲ್ಲ. ಡಿಗ್ರಿ ಓದುತ್ತಿರುವ ಅವನು ಹಲಗೆ ಮುಟ್ಟುವುದಿಲ್ಲ. 'ಊರಾಗ ಹೆಣ ಬಿದ್ರ, ಹಬ್ಬ ಬಂದ್ರ ನಮ್ಮಪ್ಪನ್ನ ಕರೀತಾರ. ಬಡದ ಮ್ಯಾಲೆ ದೂರ ಕುಂದರಸ್ತಾರ. ಉಳಸಬೇಕು ಅನ್ನಾವ್ರು ಬಂದು ಬಡೀರಿ' ಅಂದ. ನಾನು ಬಾಯಿ ಮುಚ್ಚಿಕೊಂಡೆ. ನನಗೆ ಹಲಗೆ ಒಂದು ಸೌಂಡ್ ಪ್ಯಾಕ್. ಅವನ ಮನೆಯಲ್ಲಿ ಅದು ಹೊಟ್ಟೆಪಾಡು, ಅವಮಾನ ಎರಡೂ. ಅವನು ಬಾರಿಸದೇ ಇರುವುದು ನನಗೆ ನಷ್ಟವಾಗಿ ಕಂಡರೆ ಅದು ನನ್ನ ಸಮಸ್ಯೆ.

ಹಾಗಂತ ಪ್ಲಗಿನ್ ಅಳಿಸಿ ಹಾಕಬೇಕೆಂದು ನನಗೆ ಅನ್ನಿಸುವುದಿಲ್ಲ. ಡಿಜೆ ಬಂದಾಗಿದೆ, ನಾನು ಕೊಡದಿದ್ದರೆ ಮೊಬೈಲ್‌ನಲ್ಲಿ ಹಿಡಿದು ಇನ್ಯಾರೋ ಕೊಡುತ್ತಾರೆ. ಕೊಡುವ ರೀತಿ ಬದಲಾಗಬೇಕು. ಆ ಒಂದೂವರೆ ಸಾವಿರವನ್ನು ಟ್ಯೂಷನ್ ಹೇಳಿದ ದುಡ್ಡಲ್ಲಿ ಕಾಕಾಗೆ ಮುಟ್ಟಿಸಿದೆ. ಇನ್ನು ಮಾರಿದ್ದರಲ್ಲಿ ಮುಕ್ಕಾಲು ಅವರದು, ಕಾಲು ನನ್ನದು ಅಂತ ಬಿಳಿ ಹಾಳೆ ಮೇಲೆ ಬರೆದುಕೊಂಡಿದ್ದೇವೆ. ಲೆಕ್ಕ ಇಡುವವನು ಮಗ.

ಎರಡನೇ ಆವೃತ್ತಿಗೆ ಮುಖಪುಟ ಬೇಕಿತ್ತು. ನಾನು ಬೆಂಕಿ, ಹಲಗೆ ಇರುವ ಚಿತ್ರ ಮಾಡಿದ್ದೆ. ಮಗ ಅದನ್ನು ತೆಗೆಸಿದ. ಈಗ ಪ್ಲಗಿನ್ ತೆರೆದರೆ ಮೊದಲು ಕಾಣುವುದು ಕಾಕಾರ ಪೂರ್ತಿ ಹೆಸರು. ಅದರ ಕೆಳಗೆ ಅವರ ಮೊಬೈಲ್ ನಂಬರ್, ಮೆರವಣಿಗೆಗೆ ಕರೆಯಬೇಕೆಂದರೆ ಎಷ್ಟು ಕೊಡಬೇಕು ಅನ್ನುವ ರೇಟು. ಕಾಕಾ ನೋಡಿ, 'ರೇಟ್ ಸ್ವಲ್ಪ ಕಡಿಮಿ ಆತಲ್ಲ' ಅಂದರು. ಏರಿಸಿದೆವು.