ಟಿಕೆಟ್‌ನಲ್ಲಿ ಮೂರು ಗಂಟೆ, ಸೀಟಿನಲ್ಲಿ ಹದಿನಾರೂವರೆ ಗಂಟೆ: ವಿಮಾನ ಪ್ರಯಾಣದ ಲೆಕ್ಕ ಹೇಗೆ?

ಬೆಂಗಳೂರಿನಿಂದ ಮಧ್ಯಾಹ್ನ 2ಕ್ಕೆ ಹೊರಟ ನೇರ ವಿಮಾನ ಅದೇ ದಿನ ಸಂಜೆ 5ಕ್ಕೆ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ತಲುಪುತ್ತದೆ ಎಂದು ಟಿಕೆಟ್‌ನಲ್ಲಿ ಇದೆ ಎಂದುಕೊಳ್ಳಿ. ಹಾಗಾದರೆ ಪ್ರಯಾಣ ಮೂರೇ ಗಂಟೆಯೇ? ಮಕ್ಕಳನ್ನು ನೋಡಲು ಮೊದಲ ಸಲ ಹೊರಟ ಅಪ್ಪ-ಅಮ್ಮಂದಿರಿಗೆ ಈ ಗೊಂದಲ ಸಹಜ. ಬಿಡಿಸಿ ನೋಡೋಣ.

ದೂರ ಎಷ್ಟು?

ಎರಡೂ ನಿಲ್ದಾಣಗಳ ನಡುವಿನ ಅತಿ ಹತ್ತಿರದ ದಾರಿ ಸುಮಾರು 14,000 ಕಿ.ಮೀ. ಗೋಡೆಯ ಮೇಲಿನ ನಕ್ಷೆಯಲ್ಲಿ ಪೂರ್ವಕ್ಕೆ ಗೆರೆ ಎಳೆದು ಅದರಂತೆ ಹಾರಿದರೆ 16,000 ಕಿ.ಮೀ. ದಾಟುತ್ತದೆ. ಆದರೆ ಗ್ಲೋಬಿನ ಮೇಲೆ ದಾರ ಬಿಗಿದು ನೋಡಿ, ಅದು ಉತ್ತರ ಧ್ರುವದ ಕಡೆಗೇ ಸರಿಯುತ್ತದೆ. ಭೂಮಿ ದುಂಡಗಿದೆ, ನಕ್ಷೆ ಚಪ್ಪಟೆ. 2021ರ ಜನವರಿಯಲ್ಲಿ ಮಹಿಳಾ ಪೈಲಟ್‌ಗಳೇ ನಡೆಸಿದ ಏರ್ ಇಂಡಿಯಾ ವಿಮಾನ ಧ್ರುವದ ಮಾರ್ಗವಾಗಿಯೇ ಬೆಂಗಳೂರಿಗೆ ಬಂತು. ಅಲ್ಲಿಂದ 9ರ ರಾತ್ರಿ ಹೊರಟು ಇಲ್ಲಿ 11ರ ನಸುಕಿನಲ್ಲಿ ಇಳಿಯಿತು. ಕ್ಯಾಲೆಂಡರ್‌ನಲ್ಲಿ ಎರಡು ದಿನ ಕಳೆದಿತ್ತು, ಹಾರಿದ್ದು ಮಾತ್ರ ಸುಮಾರು 17 ಗಂಟೆ.

ಭೂಮಿ ತಿರುಗುವುದರಿಂದ ಲಾಭ ಉಂಟೇ?

ಇಲ್ಲ. ಭೂಮಿಯ ಜೊತೆ ಗಾಳಿಯೂ ತಿರುಗುತ್ತದೆ. ಓಡುವ ಬಸ್ಸಿನೊಳಗೆ ಹಾರುವ ನೊಣ ಹಿಂದೆ ಉಳಿಯುವುದಿಲ್ಲವಲ್ಲ, ಹಾಗೆಯೇ ಇದು. ವ್ಯತ್ಯಾಸ ತರುವುದು ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೋರು ಗಾಳಿ. ಅದು ಹಿಂದಿನಿಂದ ತಳ್ಳಿದರೆ ಬೇಗ, ಎದುರಾದರೆ ತಡ. ಹಾಗಾಗಿ ಒಂದೇ ದೂರಕ್ಕೆ ಹೋಗುವಾಗ ಒಂದು ಸಮಯ, ಬರುವಾಗ ಇನ್ನೊಂದು.

ಸರಿಯಾದ ಲೆಕ್ಕ

ಟಿಕೆಟ್‌ನಲ್ಲಿ ಇರುವುದು ಆಯಾ ಊರಿನ ಗಡಿಯಾರದ ಸಮಯ. ಚಳಿಗಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ಹನ್ನೆರಡೂವರೆ. ನಮ್ಮ ಉದಾಹರಣೆ ಚಳಿಗಾಲದ್ದಾದರೆ, ಅಲ್ಲಿ ಸಂಜೆ 5 ಎಂದರೆ ಇಲ್ಲಿ ಮರುದಿನ ಬೆಳಗಿನ ಆರೂವರೆ. ಮಧ್ಯಾಹ್ನ 2ರಿಂದ ಎಣಿಸಿದರೆ ಹದಿನಾರೂವರೆ ಗಂಟೆ. ಎರಡೂ ಸಮಯವನ್ನು ಒಂದೇ ಊರಿನ ಗಡಿಯಾರಕ್ಕೆ ತನ್ನಿ, ಆಮೇಲೆ ಕಳೆಯಿರಿ.

ಇದು ಏಕೆ ಮುಖ್ಯ?

ಸಕ್ಕರೆ ಕಾಯಿಲೆಯ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಮೂರು ಗಂಟೆಯ ಲೆಕ್ಕ ಹಿಡಿದರೆ ತೊಂದರೆ. ನಿಜವಾದ ಪ್ರಯಾಣದ ಸಮಯವನ್ನು ವೈದ್ಯರಿಗೆ ತಿಳಿಸಿ, ಯಾವಾಗ ಎಷ್ಟು ತೆಗೆದುಕೊಳ್ಳಬೇಕೆಂದು ಮೊದಲೇ ಬರೆಸಿಕೊಳ್ಳಿ. ಔಷಧಿ ಕೈಚೀಲದಲ್ಲೇ ಇರಲಿ. ನಾಲ್ಕು ಗಂಟೆಗೂ ಹೆಚ್ಚು ಕದಲದೆ ಕೂತರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚುತ್ತದೆ. ಆಗಾಗ ಎದ್ದು ಓಡಾಡಿ.

ಕೊನೆಯದಾಗಿ ದಿನಾಂಕ. 12ನೇ ತಾರೀಖು ರಾತ್ರಿ 2 ಗಂಟೆಯ ವಿಮಾನವೆಂದರೆ 11ರ ರಾತ್ರಿಯೇ ದೇವನಹಳ್ಳಿಯಲ್ಲಿ ಇರಬೇಕು. ವಿದೇಶ ಪ್ರಯಾಣಕ್ಕೆ ಮೂರು ಗಂಟೆ ಮೊದಲೇ ತಲುಪುವುದು ಒಳ್ಳೆಯದು. ಕೋಲಾರ, ಮಾಲೂರಿನವರು ಸಂಜೆಯೇ ಹೊರಡಲಿ. ಮುಳಬಾಗಿಲು, ಶ್ರೀನಿವಾಸಪುರದವರು ಇನ್ನೂ ಸ್ವಲ್ಪ ಮುಂಚೆ. 12ರ ರಾತ್ರಿ ಊಟ ಮುಗಿಸಿ ಹೊರಟರೆ, ವಿಮಾನ ಆಗಲೇ ಅಮೆರಿಕದಲ್ಲಿ ಇಳಿದಿರುತ್ತದೆ.